ಗ್ರಹಣದ ಬೆಳಕು, ನೀಲಿ ಬಣ್ಣ, ನಮ್ಮಜ್ಜಿ ಕಣ್ಣು

(1/3)
ಫೋಟೋದಲ್ಲಿರೋದು ತೊಗರ್ಸಿಯ ನಮ್ಮನೆ ಕಿಟಕಿ. 1980ರ ಫೆಬ್ರವರಿ 16ರ ಮಧ್ಯಾಹ್ನ ಅಜ್ಜಿ ಇದಕ್ಕೆ ಗೋಣಿಚೀಲ ಕಟ್ಟಿ, ಮಕ್ಕಳನ್ನೆಲ್ಲ ಒಳಗೇ ಕೂರಿಸಿದ್ದಳಂತೆ. ಅವತ್ತು ಅಂಕೋಲಾ ಕಡೆಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣ.

ಹೋದ ತಿಂಗಳು ಶಿವಮೊಗ್ಗದಲ್ಲಿ ಡಾಕ್ಟ್ರು ಹೇಳಿದ್ರು: ಅಜ್ಜಿಯ ರೆಟಿನಾದ ನಡುವೆ ಸಣ್ಣ ತೂತಾಗಿದೆ, ಆಪರೇಷನ್ ಬೇಕು, ಪೊರೆ ಕಾಣಲಿ ಅಂತ ಕಣ್ಣೊಳಗೆ ಬಣ್ಣ ಹಾಕ್ತೀವಿ. ಅಜ್ಜಿ ಬಸ್ಸಲ್ಲಿ ಕೇಳಿದಳು, "ಗ್ರಹಣ ನೋಡದೆ ಉಳಿಸ್ಕೊಂಡ ಕಣ್ಣು ಮಗಾ. ಈಗ ಅದಕ್ಕೆ ಬಣ್ಣಾನೂ ಹಾಕಿ ಲೈಟೂ ಬಿಡ್ತಾರಾ?"

ನಾನು ಬಿಕಾಂ. ಉತ್ತರ ಗೊತ್ತಿರಲಿಲ್ಲ. ಹುಡುಕಿದೆ. ಸಿಕ್ಕಿದ್ದು ಒಂದು ಇತಿಹಾಸ.

(2/3)
ಮೊದಲು ಬೆಳಕು. 1945ರ ಜುಲೈನಲ್ಲಿ ಯುರೋಪಿನಲ್ಲಿ ಗ್ರಹಣ ಆಯ್ತು. ಬರಿಗಣ್ಣಲ್ಲಿ ನೋಡಿದವರ ರೆಟಿನಾದಲ್ಲಿ ಸುಟ್ಟ ಕಲೆ. ಅದನ್ನು ಕಂಡ ಜರ್ಮನಿಯ ವೈದ್ಯ ಮೈಯರ್ ಶ್ವಿಕೆರಾತ್ ಅದೇ ಸುಡುವ ಗುಣವನ್ನೇ ಚಿಕಿತ್ಸೆಗೆ ಬಳಸಿದರು; ಕಣ್ಣಿನ ಇವತ್ತಿನ ಲೇಸರ್ ಚಿಕಿತ್ಸೆಯ ಬೇರು ಅಲ್ಲಿದೆ.

ಆದ್ರೆ ಬೆಳಕು ಹಾನಿ ಮಾಡೋಕೆ ಸುಡಲೇಬೇಕು ಅಂತಿಲ್ಲ. 1966ರಲ್ಲಿ ಅಮೆರಿಕದ ವರ್ನರ್ ನೋಯೆಲ್ ಇಲಿಗಳ ಮೇಲೆ ತೋರಿಸಿದರು: ಸುಡದಷ್ಟು ಬೆಳಕೂ ತುಂಬಾ ಹೊತ್ತು ಬಿದ್ದರೆ ರೆಟಿನಾದ ಜೀವಕೋಶ ಸಾಯುತ್ತವೆ. 1983ರಲ್ಲಿ ಇನ್ನೊಂದು ವರದಿ ಬಂತು. ಪೊರೆ ಆಪರೇಷನ್ ಆದ ಕೆಲವರ ರೆಟಿನಾದಲ್ಲಿ ಕಲೆ. ಕಾರಣ ಆಪರೇಷನ್ ಮೈಕ್ರೋಸ್ಕೋಪಿನ ದೀಪ! ಗುಣಪಡಿಸೋಕೆ ಹಿಡಿದ ದೀಪವೇ ಗಾಯ ಮಾಡಿತ್ತು.

(3/3)
ಈಗ ಬಣ್ಣ. ರೆಟಿನಾದ ಮೇಲಿನ ಪೊರೆ ಗಾಜಿನ ಹಾಗೆ ಪಾರದರ್ಶಕ, ಕೂದಲಿಗಿಂತ ಎಷ್ಟೋ ತೆಳು. ಅದನ್ನು ಸುಲಿಯೋಕೆ ಮೊದಲು ಕಾಣಬೇಕಲ್ಲ? 2000ದ ಸುಮಾರಿಗೆ ಇಂಡೋಸಯನೈನ್ ಗ್ರೀನ್ ಬಳಸಿದರು. ಅದು 1950ರ ದಶಕದಲ್ಲಿ ಕೊಡಾಕ್ ಲ್ಯಾಬಿನಲ್ಲಿ, ಫೋಟೋಗ್ರಫಿ ಸಂಶೋಧನೆಯಲ್ಲಿ ಹುಟ್ಟಿದ ಬಣ್ಣ. ರಕ್ತನಾಳಕ್ಕೆ ಕೊಟ್ಟು ಹೃದಯ, ಲಿವರ್ ಪರೀಕ್ಷೆ ಮಾಡಿ ದಶಕಗಳ ಅನುಭವ ಇತ್ತು. ಹಾಗಾಗಿ ಸೇಫ್ ಅಂದ್ಕೊಂಡ್ರು.

ಒಂದೆರಡು ವರ್ಷದಲ್ಲೇ ವರದಿಗಳು ಬಂದವು. ತೂತು ಮುಚ್ಚಿದೆ, ಆದ್ರೆ ಕೆಲವರಿಗೆ ನಿರೀಕ್ಷಿಸಿದಷ್ಟು ದೃಷ್ಟಿ ಬಂದಿಲ್ಲ. ರೆಟಿನಾದ ಕೆಳಗಿನ ಕೋಶಪದರಕ್ಕೆ ಪೆಟ್ಟು. ಎಲ್ಲರಿಗೂ ಹೀಗಾಗಲಿಲ್ಲ. ಬಣ್ಣ ಎಷ್ಟು ಗಟ್ಟಿ, ಎಷ್ಟು ಹೊತ್ತು ಇತ್ತು, ಮೇಲೆ ಎಷ್ಟು ಬೆಳಕು ಬಿತ್ತು ಅನ್ನೋದರ ಮೇಲೆ ಇತ್ತು. ಈ ಬಣ್ಣ ಬೆಳಕನ್ನು ಹೀರುತ್ತೆ, ಬೆಳಕಿಗೆ ಒಡೆಯುತ್ತೆ, ಆ ಚೂರುಗಳೂ ಕೋಶಕ್ಕೆ ವಿಷ. ಬಣ್ಣದ ಲೆಕ್ಕ ಬೇರೆ, ಬೆಳಕಿನ ಲೆಕ್ಕ ಬೇರೆ ಅಂತ ಬರೆದಿದ್ದೇ ತಪ್ಪು. ಎರಡೂ ಒಂದೇ ಖಾತೆ.

ಆಮೇಲೆ ಜಪಾನಿನ ವೈದ್ಯರು 2006ರಲ್ಲಿ ಬ್ರಿಲಿಯಂಟ್ ಬ್ಲೂ ಜಿ ಬಗ್ಗೆ ಬರೆದರು. ಉಣ್ಣೆಗೆ ಹಾಕ್ತಿದ್ದ ಬಣ್ಣದ ಸಂಬಂಧಿ! ಕಡಿಮೆ ಪ್ರಮಾಣ ಸಾಕು, ಕೋಶಕ್ಕೆ ಹಾನಿಯೂ ಕಡಿಮೆ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರ ಡಿಸೆಂಬರಿನಲ್ಲಿ. ಅದೇ ತಿಂಗಳ 26ಕ್ಕೆ ಕಾಸರಗೋಡು ಕಡೆ ಬಳೆ ಗ್ರಹಣ. ನಾವು ಸ್ಕೂಲ್ ಮಕ್ಕಳು ಗ್ರಹಣದ ಕನ್ನಡಕ ಹಾಕ್ಕೊಂಡು ಇಲ್ಲೇ ಅರೆಗ್ರಹಣ ನೋಡಿದ್ವಿ. ಅಜ್ಜಿ ಒಳಗೇ ಇದ್ದಳು.

ಅಜ್ಜಿ ಹೆದರಿದ್ದು ಮೂಢನಂಬಿಕೆ ಅಂತ ನಗಬೇಡಿ. ಅವಳು ಕೇಳಿದ ಪ್ರಶ್ನೆಯನ್ನೇ ವೈದ್ಯರೂ ಕೇಳಿಕೊಂಡಿದ್ದು, ಕೆಲವರು ದೃಷ್ಟಿ ಕಳ್ಕೊಂಡ ಮೇಲೆ.

ಅದಕ್ಕೇ ಆಪರೇಷನ್‌ಗೆ ಮುಂಚೆ ಮೂರು ಪ್ರಶ್ನೆ ಚೀಟಿಯಲ್ಲಿ ಬರ್ಕೊಂಡು ಹೋದೆ. ಯಾವ ಬಣ್ಣ ಸಾರ್? ಎಷ್ಟು ಹೊತ್ತು ಬಿಡ್ತೀರಿ? ಲೈಟ್ ಎಷ್ಟು ದೂರ ಹಿಡೀತೀರಿ? ಡಾಕ್ಟ್ರು ಬೇಜಾರು ಮಾಡ್ಕೊಳ್ಳಲಿಲ್ಲ. ನೀಲಿ ಬಣ್ಣ, ಹಾಕಿದ ತಕ್ಷಣ ತೊಳೀತೀವಿ, ಲೈಟ್ ಕಡಿಮೆ ಇಟ್ಟು ದೂರ ಹಿಡೀತೀವಿ ಅಂದ್ರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಈಗ ಕಣ್ಣೊಳಗೆ ಗ್ಯಾಸ್ ತುಂಬಿದಾರೆ, ಕೆಲವು ದಿನ ಮುಖ ಕೆಳಗೆ ಮಾಡ್ಕೊಂಡೇ ಇರ್ಬೇಕು. ದೃಷ್ಟಿ ಎಷ್ಟು ಬರುತ್ತೆ ಅಂತ ಆಮೇಲೆ ಗೊತ್ತಾಗುತ್ತೆ. ನಿಮ್ಮನೇಲೂ ಯಾರಿಗಾದ್ರೂ ಈ ಆಪರೇಷನ್ ಇದ್ರೆ ಆ ಮೂರು ಪ್ರಶ್ನೆ ಕೇಳಿ. ಸಂಕೋಚ ಬೇಡ.

#ತೊಗರ್ಸಿ #ಶಿಕಾರಿಪುರ #ಕಣ್ಣಿನಕಥೆ #ಇತಿಹಾಸ