ರಾಕ್ ಪರಂಪರೆಯ ಪಾಲಕರು: ‘ಟ್ರಿಬ್ಯೂಟ್ ಬ್ಯಾಂಡ್’ಗಳು

ಯಾವುದಾದರೂ ಒಂದು ಪ್ರಸಿದ್ಧ ತಂಡದ ಸಂಗೀತವನ್ನು ಮೂಲದಲ್ಲಿದ್ದಂತೆಯೇ ವೇದಿಕೆಯ ಮೇಲೆ ಮರುಸೃಷ್ಟಿಸುವ ವಾದ್ಯತಂಡವನ್ನು ‘ಟ್ರಿಬ್ಯೂಟ್ ಬ್ಯಾಂಡ್’ ಎನ್ನಲಾಗುತ್ತದೆ. ಹಲವು ಗಾಯಕರ ಜನಪ್ರಿಯ ಗೀತೆಗಳನ್ನು ಒಟ್ಟಾಗಿ ಉಣಬಡಿಸುವ ನಮ್ಮ ರಸಮಂಜರಿಗಿಂತ ಇದು ಭಿನ್ನವಾದುದು. ಗಾಯಕನ ಧ್ವನಿ ಮಾತ್ರವಲ್ಲ, ಗಿಟಾರಿನ ನಾದ, ಉಡುಪು, ಬೆಳಕಿನ ವಿನ್ಯಾಸಗಳೂ ಮೂಲಕ್ಕೆ ನಿಷ್ಠವಾಗಿರಬೇಕೆಂಬುದು ಇಲ್ಲಿನ ನಿಯಮ.

ಧ್ವನಿಮುದ್ರಿಕೆಯೇ ಆಧಾರ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೃತಿಗಳು ಸ್ವರಲಿಪಿಯಲ್ಲಿ ಉಳಿದು ಬಂದಿವೆ. ರಾಕ್ ಸಂಗೀತಕ್ಕಾದರೋ ಧ್ವನಿಮುದ್ರಿಕೆಯೇ ಮೂಲಪಾಠ. ಬೀಟಲ್ಸ್ ತಂಡವು 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಛೇರಿ ನೀಡಿದ ನಂತರ ಪ್ರವಾಸಗಳನ್ನೇ ನಿಲ್ಲಿಸಿತು. ಹೀಗಾಗಿ 1967ರಲ್ಲಿ ಹೊರಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಸಂಪುಟವನ್ನು ಆ ನಾಲ್ವರೂ ಕೂಡಿ ವೇದಿಕೆಯಲ್ಲಿ ನುಡಿಸಲೇ ಇಲ್ಲ. ಆ ಕೊರತೆಯನ್ನು ನೀಗಿದವರು ಅನುಯಾಯಿಗಳು. 1980ರಲ್ಲಿ ಬ್ರಿಟನ್‌ನಲ್ಲಿ ಆರಂಭವಾದ ‘ಬೂಟ್‌ಲೆಗ್ ಬೀಟಲ್ಸ್’ ಈ ಪರಂಪರೆಯ ಹಿರಿಯ ತಂಡಗಳಲ್ಲೊಂದು. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ದಿ ಅನಲಾಗ್ಸ್’ ವೇಷಭೂಷಣವನ್ನು ಕೈಬಿಟ್ಟು, ಅದೇ ಕಾಲದ ವಾದ್ಯಗಳನ್ನು ಹುಡುಕಿ ತಂದು ಧ್ವನಿಮುದ್ರಿಕೆಯ ನಾದವನ್ನೇ ವೇದಿಕೆಗೆ ತಂದಿತು.

ಕಳೆದುಹೋದ ಪ್ರದರ್ಶನದ ಪುನರುಜ್ಜೀವನ

ಬ್ರಿಟನ್ನಿನ ಜೆನೆಸಿಸ್ ತಂಡವು ‘ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಕೃತಿಯನ್ನು 1974-75ರಲ್ಲಿ ಮೂರು ಪರದೆಗಳ ಮೇಲೆ ಸಾವಿರಕ್ಕೂ ಹೆಚ್ಚು ಸ್ಲೈಡ್‌ಗಳನ್ನು ಮೂಡಿಸುತ್ತಾ ಪ್ರದರ್ಶಿಸಿತ್ತು. ಆ ಪ್ರವಾಸದ ನಂತರ ಗಾಯಕ ಪೀಟರ್ ಗೇಬ್ರಿಯಲ್ ತಂಡವನ್ನು ತೊರೆದರು. ಆ ಪ್ರದರ್ಶನದ ಪೂರ್ಣ ಚಿತ್ರೀಕರಣ ಲಭ್ಯವಿಲ್ಲ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಥಾಪನೆಯಾದ ‘ದಿ ಮ್ಯೂಸಿಕಲ್ ಬಾಕ್ಸ್’ ಮೂಲ ತಂಡದ ಅನುಮತಿ ಪಡೆದು, ಹಳೆಯ ಸ್ಲೈಡ್‌ಗಳ ನೆರವಿನಿಂದಲೇ ಅದನ್ನು ಮರಳಿ ಕಟ್ಟಿತು. 2005ರಲ್ಲಿ ಜಿನೀವಾದಲ್ಲಿ ಜೆನೆಸಿಸ್‌ನ ಫಿಲ್ ಕಾಲಿನ್ಸ್ ಸ್ವತಃ ಇವರೊಂದಿಗೆ ಡ್ರಮ್ಸ್ ನುಡಿಸಿದರು.

1988ರಲ್ಲಿ ಅಡಿಲೇಡ್‌ನಲ್ಲಿ ಆರಂಭವಾದ ‘ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಶೋ’ಗೂ ಇಂಥದೇ ಮನ್ನಣೆ ದೊರೆಯಿತು. ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಅವರ 50ನೇ ಹುಟ್ಟುಹಬ್ಬದ ಆಚರಣೆಯಲ್ಲಿ, 1996ರಲ್ಲಿ, ಈ ತಂಡವೇ ಕಛೇರಿ ನೀಡಿತು. ಮೂಲ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ 2008ರಲ್ಲಿ ನಿಧನರಾದರು. ಇಂತಹ ಸಂದರ್ಭಗಳಲ್ಲಿ ಹೊಸ ತಲೆಮಾರಿನ ಶ್ರೋತೃಗಳಿಗೆ ಈ ಸಂಗೀತವನ್ನು ವೇದಿಕೆಯಲ್ಲಿ ಕೇಳಿಸಬಲ್ಲವರು ಮುಖ್ಯವಾಗಿ ಅನುಯಾಯಿಗಳೇ.

ನಿಷ್ಠೆಗೆ ತೆರುವ ಬೆಲೆ

ಗೀತೆಗಳ ಸಾರ್ವಜನಿಕ ಪ್ರದರ್ಶನಕ್ಕೆ ಸಲ್ಲುವ ಗೌರವಧನ ಹಕ್ಕುಸ್ವಾಮ್ಯ ಸಂಘಗಳ ಮೂಲಕ ರಚನೆಕಾರರಿಗೆ ತಲುಪುತ್ತದೆ. ಚಪ್ಪಾಳೆಯೂ ಬಹುಪಾಲು ಅವರಿಗೇ ಸಲ್ಲುತ್ತದೆ. ನುಡಿಸುವವರು ಎಷ್ಟೇ ಪ್ರತಿಭಾವಂತರಾಗಿದ್ದರೂ ತಮ್ಮ ಸ್ವಂತ ರಚನೆಗಳನ್ನು ಬದಿಗಿಡಬೇಕಾಗುತ್ತದೆ. ಅಮೆರಿಕದ ಟಿಮ್ ಓವೆನ್ಸ್ ಇದಕ್ಕೆ ಅಪರೂಪದ ಉದಾಹರಣೆ. ಜೂಡಾಸ್ ಪ್ರೀಸ್ಟ್ ತಂಡದ ಹಾಡುಗಳನ್ನು ಅನುಕರಿಸಿ ಹಾಡುತ್ತಿದ್ದ ಅವರು 1996ರಲ್ಲಿ ಆ ತಂಡದ ಗಾಯಕರಾಗಿಯೇ ಆಯ್ಕೆಯಾದರು. ತಂಡದೊಂದಿಗೆ ಎರಡು ಹೊಸ ಸಂಪುಟಗಳನ್ನು ಹಾಡಿದರು. ಆದರೆ 2003ರಲ್ಲಿ ಹಳೆಯ ಗಾಯಕ ರಾಬ್ ಹಾಲ್‌ಫೋರ್ಡ್ ಮರಳಿದಾಗ ಅವರು ಸ್ಥಾನ ತೆರವು ಮಾಡಬೇಕಾಯಿತು.