ಗಿಟಾರ್ ಏರಿದ ಊರ ಹಾಡು: ಸ್ಕಾಟ್ಲೆಂಡಿನಲ್ಲೂ, ಕನ್ನಡದಲ್ಲೂ

ಗಣಪತಿ ಹಬ್ಬದ ದಿನಗಳಲ್ಲಿ ನಮ್ಮ ಗೋಪಾಳದ ಯಾವ ಪೆಂಡಾಲಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಗಿಟಾರು, ಕೀಬೋರ್ಡು ಬಂದ ಮೇಲೆ ಜಾನಪದ ಹಾಳಾಯ್ತು ಕಣ್ರೀ." ಹಿರಿಯರ ಮಾತಿಗೆ ಹುಡುಗರು ನಗುತ್ತಾರೆ, ಆರ್ಕೆಸ್ಟ್ರಾ ಮುಂದುವರಿಯುತ್ತದೆ.

ಈ ಜಗಳ ನಮ್ಮೂರಿನದ್ದು ಮಾತ್ರ ಅಲ್ಲ. ನಲವತ್ತು ವರ್ಷದ ಹಿಂದೆ ಸ್ಕಾಟ್ಲೆಂಡಿನ ಹುಡುಗರು ಗಿಟಾರ್ ಹಿಡಿದೇ ಇದಕ್ಕೊಂದು ಉತ್ತರ ಕೊಟ್ಟರು. ಕನ್ನಡದಲ್ಲೂ ಒಂದು ಉತ್ತರವಿದೆ. ಅದರ ಒಂದು ಎಳೆ ನಮ್ಮ ಜಿಲ್ಲೆಯದೇ.

ಚೀಲದ ವಾದ್ಯದಿಂದ ತಂತಿಗೆ

ಗಣರಾಜ್ಯೋತ್ಸವದ ಪರೇಡ್ ಟಿವಿಯಲ್ಲಿ ನೋಡಿದವರಿಗೆ ಬ್ಯಾಗ್‌ಪೈಪ್ ಗೊತ್ತಿರುತ್ತದೆ. ಸೇನಾ ಬ್ಯಾಂಡಿನವರು ಕಂಕುಳಲ್ಲಿ ಚೀಲ ಒತ್ತಿಕೊಂಡು ಊದುವ ವಾದ್ಯ ಅದು. ಸ್ಕಾಟ್ಲೆಂಡಿನವರಿಗೆ ಅದು ನಮ್ಮ ಡೊಳ್ಳು, ನಾದಸ್ವರ ಇದ್ದ ಹಾಗೆ. ಒಂದು ಕೊಳವೆಯಲ್ಲಿ ರಾಗ ನಡೆಯುತ್ತದೆ, ಉಳಿದ ಕೊಳವೆಗಳಲ್ಲಿ ಒಂದೇ ಶ್ರುತಿ ಗುಂಯ್ ಎನ್ನುತ್ತಿರುತ್ತದೆ. ಏಕತಾರಿಯ ನಾದ ತತ್ವಪದದ ಕೆಳಗೆ ಹರಿಯುವಂತೆಯೇ.

ಚೀಲದಿಂದ ಗಾಳಿ ಬರುತ್ತಲೇ ಇರುವುದರಿಂದ ಈ ವಾದ್ಯದಲ್ಲಿ ಸ್ವರದ ನಡುವೆ ಬಿಡುವು ಇಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೇರೊಂದು ಸ್ವರವನ್ನು ಚಣಮಾತ್ರ ತಾಕಿಸಬೇಕು. ಸ್ಕಾಟಿಷ್ ಹಾಡಿನ ಆ ವಿಶಿಷ್ಟ ಕೊಂಕು ಬಂದದ್ದು ಇಲ್ಲಿಂದ.

1981ರಲ್ಲಿ ಡನ್ಫರ್ಮ್‌ಲಿನ್ ಎಂಬ ಪಟ್ಟಣದಲ್ಲಿ 'ಬಿಗ್ ಕಂಟ್ರಿ' ಎಂಬ ತಂಡ ಹುಟ್ಟಿತು. ನೇಯ್ಗೆಗೆ ಹೆಸರಾದ ಊರು ಅದು, ಸುತ್ತಮುತ್ತ ಕಲ್ಲಿದ್ದಲು ಗಣಿಗಳು. ಸ್ಟುವರ್ಟ್ ಆಡಮ್ಸನ್ ಮತ್ತು ಬ್ರೂಸ್ ವಾಟ್ಸನ್ ತಂಡದ ಗಿಟಾರ್ ವಾದಕರು. ಒಂದು ತಂತಿಯನ್ನು ಶ್ರುತಿಯಂತೆ ಮೊಳಗಲು ಬಿಟ್ಟು ಪಕ್ಕದ ತಂತಿಯಲ್ಲಿ ರಾಗ ನುಡಿಸುವುದು, ಎರಡು ಗಿಟಾರ್ ಜೊತೆಯಾಗಿ ಒಂದೇ ಧಾಟಿ ಹಿಡಿಯುವುದು, ಸ್ವರ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಳಸುವುದು, ಇವೆಲ್ಲ ಸೇರಿ ಗಿಟಾರ್ ಬ್ಯಾಗ್‌ಪೈಪಿನಂತೆ ಕೇಳಿಸತೊಡಗಿತು. 1983ರಲ್ಲಿ ಬಂದ 'ಇನ್ ಎ ಬಿಗ್ ಕಂಟ್ರಿ' ಹಾಡು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ 17ನೇ ಸ್ಥಾನಕ್ಕೆ ಏರಿತು. ಬ್ಯಾಗ್‌ಪೈಪ್ ಮುಟ್ಟದೆಯೇ ತಮ್ಮ ನಾಡಿನ ನಾದವನ್ನು ಅವರು ಜಗತ್ತಿಗೆ ಮುಟ್ಟಿಸಿದ್ದರು.

ಸ್ಕೈ ದ್ವೀಪದ 'ರನ್‌ರಿಗ್' ತಂಡ ಇನ್ನೊಂದು ದಾರಿ ಹಿಡಿಯಿತು. ಅವರದು ಗೇಲಿಕ್ ಭಾಷೆ. 1981ರ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅದನ್ನು ಆಡುವವರು ಸುಮಾರು 80 ಸಾವಿರ ಮಂದಿ ಉಳಿದಿದ್ದರು. 1978ರ ಮೊದಲ ಆಲ್ಬಮ್ಮನ್ನೇ ರನ್‌ರಿಗ್ ಗೇಲಿಕ್‌ನಲ್ಲಿ ತಂದಿತು. ಆಮೇಲೆ ಇಂಗ್ಲಿಷಿನಲ್ಲೂ ಹಾಡಿದರು, ಆದರೆ ಮನೆಮಾತು ಬಿಡಲಿಲ್ಲ. ಅಜ್ಜಿ ಕಾಲದ್ದು ಎನ್ನಿಸಿಕೊಂಡಿದ್ದ ಭಾಷೆ ಡ್ರಮ್ಸ್, ಗಿಟಾರ್ ಜೊತೆ ದೊಡ್ಡ ಸಭೆಗಳ ಮುಂದೆ ನಿಂತಿತು.

ನಮ್ಮ ಕಡೆಯ ಕಥೆ

ಈಗ ನಮ್ಮ ಕಡೆಗೆ ಬರೋಣ. ಹಾವೇರಿ ಜಿಲ್ಲೆ ಶಿಶುನಾಳದ ಷರೀಫರು (1819–1889) ಕಟ್ಟಿದ ಪದಗಳು ಬಹುಕಾಲ ಭಜನೆ ಮೇಳದ ಆಸ್ತಿಯಾಗಿದ್ದವು. ಏಕತಾರಿ, ತಾಳ, ದಮ್ಮಡಿ ಇಷ್ಟಿದ್ದರೆ ಸಾಕು, ಬೆಳಗಾಗುವವರೆಗೆ ಹಾಡು.

ಆ ಪದಗಳನ್ನು ನಮ್ಮ ತಲೆಮಾರಿನ ಮನೆಗಳಿಗೆ ತಂದದ್ದು ಕ್ಯಾಸೆಟ್ಟು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಷರೀಫರನ್ನು ಕೇಳದ ಮನೆ ಮಲೆನಾಡಿನಲ್ಲಿ ಕಡಿಮೆ. ಸುಬ್ಬಣ್ಣನವರು ಹೊಸನಗರ ತಾಲ್ಲೂಕಿನ ನಗರದವರು, ವೃತ್ತಿಯಲ್ಲಿ ವಕೀಲರು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಉತ್ತರ ಕರ್ನಾಟಕದ ಜಾನಪದ ಧಾಟಿಯ ಆ ಹಾಡನ್ನು ಮಲೆನಾಡಿನ ದನಿ ನಾಡಿಗೆಲ್ಲ ಹರಡಿತು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರ ಬಂತು, ಸಂಗೀತ ಅಶ್ವತ್ಥ್ ಅವರದು. ಆಗಲೂ "ಭಜನೆ ಪದಕ್ಕೆ ಇಷ್ಟೊಂದು ವಾದ್ಯ ಯಾಕೆ" ಎಂದವರಿದ್ದರೆ ಆಶ್ಚರ್ಯವಿಲ್ಲ. ಇಂದು ಅದೇ ನಮಗೆ 'ಹಳೆಯ ಧಾಟಿ'.

2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಮ್ ತಂದರು. 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎರಡೂ ಅದರಲ್ಲಿದ್ದವು, ಗಿಟಾರ್, ಪಿಟೀಲು, ಡ್ರಮ್ಸ್ ಜೊತೆಗೆ. ಎರಡು ವರ್ಷದ ನಂತರ ಅವರು ಲುಂಗಿ, ಗೆಜ್ಜೆ ಕಟ್ಟಿಕೊಂಡೇ ಬಿಬಿಸಿ ಟಿವಿಯಲ್ಲಿ ಹಾಡಿದರು. ಕಾಲೇಜು ಹುಡುಗರು ಷರೀಫರ ಪದಕ್ಕೆ ಕುಣಿದರು. ಸ್ಕಾಟ್ಲೆಂಡಿನಲ್ಲಿ ಎಂಬತ್ತರ ದಶಕದಲ್ಲಿ ಆದದ್ದು ನಮ್ಮಲ್ಲಿ ಇಪ್ಪತ್ತೈದು ವರ್ಷ ತಡವಾಗಿ ಆಯಿತು, ಅಷ್ಟೇ.

ಹಾಗಾದರೆ ಗಿಟಾರಿನಿಂದ ಜಾನಪದ ಹಾಳಾಯಿತೇ? ನಾವು ಇಲ್ಲ ಎನ್ನುತ್ತೇವೆ. ವಾದ್ಯ ಬದಲಾದರೂ ಹಾಡಿನ ನಡೆ, ಊರ ಮಾತು, ಒಳಗಿನ ಸಂಗತಿ ಉಳಿದರೆ ಹಾಡು ಉಳಿಯುತ್ತದೆ. ಹಾಡು ಹಾಳಾಗುವುದು ಈ ಮೂರೂ ಹೋಗಿ, ಎಲ್ಲ ಪದಕ್ಕೂ ಒಂದೇ ಕೀಬೋರ್ಡ್ ಟ್ರ್ಯಾಕ್ ಹಾಕಿದಾಗ.

ಕಬ್ಬಿಣದೂರಿಗೆ ಹಾಡೆಲ್ಲಿ?

ಒಳಗಿನ ಸಂಗತಿ ಎಂದೆವಲ್ಲ, ಅದನ್ನು ಹೇಳಲು ಬಿಗ್ ಕಂಟ್ರಿಗೆ ಮತ್ತೆ ಹೋಗಬೇಕು. 1984ರ ಅವರ ಎರಡನೇ ಆಲ್ಬಮ್ ಹೆಸರು 'ಸ್ಟೀಲ್‌ಟೌನ್', ಅಂದರೆ ಉಕ್ಕಿನ ಊರು. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಹೆಸರಿನ ಹಾಡು ಇಂಗ್ಲೆಂಡಿನ ಕಾರ್ಬಿ ಪಟ್ಟಣದ್ದು. 1930ರ ದಶಕದಲ್ಲಿ ಅಲ್ಲಿ ಉಕ್ಕಿನ ಕಾರ್ಖಾನೆ ಬೆಳೆದಾಗ ಸ್ಕಾಟ್ಲೆಂಡಿನಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿ ಹೋದರು. ಊರಿಗೆ 'ಪುಟ್ಟ ಸ್ಕಾಟ್ಲೆಂಡ್' ಎಂದೇ ಹೆಸರಾಯಿತು. 1980ರಲ್ಲಿ ಉಕ್ಕು ಕರಗಿಸುವುದು ನಿಂತಿತು. ಬಿಗ್ ಕಂಟ್ರಿ ಆ ನೋವನ್ನು ಬ್ಯಾಗ್‌ಪೈಪಿನ ನಾದದ ಗಿಟಾರಿನಲ್ಲಿ ಹಾಡಿತು.

ಓದುತ್ತಿದ್ದಂತೆ ಭದ್ರಾವತಿ ನೆನಪಾಗಲಿಲ್ಲವೇ? 1923ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ತಮಿಳು, ತೆಲುಗು, ಮಲಯಾಳ ಮಾತಾಡುವವರು ಕೆಲಸ ಹುಡುಕಿ ಬಂದು ಇಲ್ಲಿಯವರೇ ಆದರು. ಕಾಗದ ಕಾರ್ಖಾನೆ ಸದ್ದು ನಿಲ್ಲಿಸಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಬಂತು, ಕಾರ್ಮಿಕರು ಬೀದಿಗಿಳಿದರು. ಆ ಹೋರಾಟದ ಸುದ್ದಿ ಸಾಕಷ್ಟು ಬಂದಿದೆ. ಆದರೆ ಪಾಳಿ ಸೈರನ್ನಿನ, ಕ್ವಾರ್ಟರ್ಸ್ ಸಾಲಿನ, ಖಾಲಿಯಾದ ಮನೆಯ ಹಾಡನ್ನು ನಾವಿನ್ನೂ ಕೇಳಿಲ್ಲ.

ಕಟ್ಟುವವರಿಗೆ ಸಾಮಗ್ರಿ ಇದೆ. ದೀಪಾವಳಿಗೆ ಮನೆಮನೆಗೆ ಬರುವ ಅಂಟಿಕೆ ಪಂಟಿಕೆಯವರ ಪದ ಇದೆ, ಡೊಳ್ಳಿನ ಪೆಟ್ಟು ಇದೆ, ಗಿಟಾರ್ ಕಲಿತ ಹುಡುಗ ಹುಡುಗಿಯರೂ ಇದ್ದಾರೆ. ಓದುಗರಲ್ಲಿ ನಮ್ಮದೊಂದು ಮನವಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಪದ ಹೇಳುವ ಹಿರಿಯರಿದ್ದರೆ ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಹಾಡಿದವರ ಹೆಸರು, ಊರು, ತಾರೀಖು ಬರೆಯುವುದನ್ನು ಮರೆಯಬೇಡಿ. ನಾಳೆ ಯಾರೋ ಅದನ್ನು ಗಿಟಾರಿಗೆ ಏರಿಸಿದಾಗ, ಬರೀ 'ಜಾನಪದ' ಎಂದು ಬರೆದು ಹಾಡಿದ ಅಜ್ಜಿಯ ಹೆಸರು ಬಿಟ್ಟುಬಿಡುವ ಹಾಗೆ ಆಗಬಾರದು.