ಮನಸ್ಸಿಗೆ ಮುಖ ಬರೆದವರು

ಕಾದಂಬರಿಕಾರ ಪಾತ್ರದ ತಲೆಯೊಳಗೆ ಕೂತು ಪುಟಗಟ್ಟಲೆ ಬರೆಯಬಹುದು. ಚಿತ್ರಕಥೆ ಬರೆಯುವ ಮಾಂಗಾ ಕಲಾವಿದನಿಗೆ ಆ ಅನುಕೂಲವಿಲ್ಲ. ಅವನು ಮೊದಲು ಒಂದು ಮುಖ ಬರೆಯಬೇಕು. ಮನೋವೈಜ್ಞಾನಿಕ ಕಾದಂಬರಿಗಳು ಜಪಾನಿನ ಮಾಂಗಾಕ್ಕೆ ಬಂದ ಚರಿತ್ರೆಯೆಂದರೆ, ಕಾಣದ ಒಳಗನ್ನು ಕಾಣಿಸಲು ಹುಡುಕಿದ ದಾರಿಗಳ ಚರಿತ್ರೆಯೇ.

ಒಸಾಮು ತೆಜುಕಾ 1953ರಲ್ಲಿ ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಮಕ್ಕಳಿಗಾಗಿ ಚಿತ್ರಿಸಿದರು. ವಿದ್ಯಾರ್ಥಿಯಾಗಿದ್ದಾಗ ಇದೇ ಕಥೆಯ ನಾಟಕದಲ್ಲಿ ಅವರು ಪಾತ್ರ ಮಾಡಿದ್ದುಂಟು. ರಂಗದ ಆ ನೆನಪು ಪುಟದ ಮೇಲೂ ಇದೆ: ಮನೆಯ ಮಹಡಿಗಳನ್ನು ಸೀಳಿ ತೋರಿಸಿದಂತೆ ಬರೆದು, ಮೆಟ್ಟಿಲ ಮೇಲಿನ ಓಡಾಟದಲ್ಲೇ ಕೊಲೆಗಾರನ ದಿಗಿಲನ್ನು ಮೂಡಿಸಿದರು. ಕೊನೆಯನ್ನೂ ಬದಲಿಸಿದರು. ಇಲ್ಲಿ ಕೊಲೆಗಾರ ರಸ್ಕೋಲ್ನಿಕೋವ್ ಬೀದಿಯಲ್ಲಿ ತಪ್ಪೊಪ್ಪಿಕೊಂಡು ಕೂಗುತ್ತಾನೆ. ದಂಗೆಯ ಗದ್ದಲದಲ್ಲಿ ಯಾರೂ ಕಿವಿಗೊಡುವುದಿಲ್ಲ.

ಒಳದನಿಗೆ ಪುಟದಲ್ಲಿ ಜಾಗ ಸಿಕ್ಕಿದ್ದು 1970ರ ದಶಕದ ಹುಡುಗಿಯರ ಮಾಂಗಾದಲ್ಲಿ. ಮೋತೋ ಹಾಗಿಯೋ, ಕೇಯ್ಕೊ ತಕೆಮಿಯಾ ಅವರ ಪೀಳಿಗೆ ಸ್ವಗತವನ್ನು ಮಾತಿನ ಗುಳ್ಳೆಯಿಂದ ಹೊರಗೆ ತಂದು ಚಿತ್ರದ ಮೇಲೆ ಹರಿಯಬಿಟ್ಟಿತು. ಚೌಕಟ್ಟಿನ ಗೆರೆಗಳು ಕರಗಿದವು. ನೆನಪು, ವರ್ತಮಾನ ಒಂದರ ಮೇಲೊಂದು ಬಂದವು. ಈ ಹೊಸ ವ್ಯಾಕರಣ ಕೈಗೆ ಬಂದ ಮೇಲೆ, 1979ರಲ್ಲಿ ಹಾಗಿಯೋ ಝಾನ್ ಕಾಕ್ತೋ ಅವರ 1929ರ ಕಾದಂಬರಿಯನ್ನು ಎತ್ತಿಕೊಂಡರು. ಅಕ್ಕ-ತಮ್ಮನ ಆ ಮುಚ್ಚಿದ ಲೋಕಕ್ಕೆ ಇಂಥ ಪುಟವೇ ಬೇಕಿತ್ತು.

2007ರಿಂದ ಈಸ್ಟ್ ಪ್ರೆಸ್ ಪ್ರಕಾಶನ ಅಭಿಜಾತ ಕೃತಿಗಳನ್ನು ಒಂದೇ ಓದಿಗೆ ಮುಗಿಯುವ ಅಗ್ಗದ ಮಾಂಗಾಗಳಾಗಿ ತಂದಿತು. ಇವುಗಳಲ್ಲಿ ಕಥೆ ಉಳಿಯಿತು, ನಿರೂಪಕನ ದನಿ ಸೊರಗಿತು. ಅದೇ ವರ್ಷ ನವೋಯುಕಿ ಓಚಿಯಾಯ್ ‘ಅಪರಾಧ ಮತ್ತು ಶಿಕ್ಷೆ’ಯನ್ನು ಇಂದಿನ ಜಪಾನಿಗೆ ಒಯ್ದರು. ಘಟನೆಗಳನ್ನು ಹೊಸದಾಗಿಸಿ ಅಪರಾಧಿಯ ಮನಸ್ಥಿತಿಯನ್ನು ಉಳಿಸಿಕೊಂಡ ಪ್ರಯತ್ನವದು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಒಡ್ಡಿದ್ದು ಒಸಾಮು ದಜಾಯ್ ಅವರ 1948ರ ಕಾದಂಬರಿ ‘ನಿಂಗೆನ್ ಶಿಕ್ಕಾಕು’. ಮನುಷ್ಯರಿಗೆ ಹೆದರಿ, ಕೋಡಂಗಿಯ ವೇಷದಲ್ಲಿ ಬದುಕುವ ಯೋಜೋನ ಮೂರು ಟಿಪ್ಪಣಿ ಪುಸ್ತಕಗಳೇ ಅದರ ಒಡಲು. ಆರಂಭದಲ್ಲಿ ಬರುವ ಅವನ ಮೂರು ಫೋಟೊಗಳಲ್ಲಿ ಕೊನೆಯದರ ಮುಖ ನೋಡಿದವರ ನೆನಪಿನಲ್ಲೂ ನಿಲ್ಲುವುದಿಲ್ಲ. ಅಂಥ ಮುಖವನ್ನು ಬರೆಯುವುದು ಹೇಗೆ? 2009ರಲ್ಲಿ ಆರಂಭಿಸಿದ ಉಸಮಾರು ಫುರುಯಾ, ಟಿಪ್ಪಣಿಗಳನ್ನು ಅಂತರ್ಜಾಲದ ದಿನಚರಿಯಾಗಿಸಿ, ಅದನ್ನು ಓದುವ ಕಲಾವಿದನಾಗಿ ತಾವೇ ಕಥೆಯೊಳಗೆ ಬಂದರು. 2017ರಲ್ಲಿ ಭಯಾನಕ ಮಾಂಗಾದ ಜುಂಜಿ ಇತೊ, ಯೋಜೋನ ಪಾಪಪ್ರಜ್ಞೆಯನ್ನು ಕಣ್ಣಿಗೆ ಕಾಣುವ ಪ್ರೇತಗಳಾಗಿಸಿದರು. ಹುಚ್ಚಾಸ್ಪತ್ರೆಯಲ್ಲಿ ಅವನಿಗೆ ದಜಾಯ್ ಅವರನ್ನೇ ಎದುರಾಗಿಸಿದರು.

ಆದರೂ ಒಂದು ತೊಡಕು ಬಗೆಹರಿದಿಲ್ಲ. ಕಾದಂಬರಿಯ ಬಹುಭಾಗದಲ್ಲಿ ಯೋಜೋ ಹೇಳಿದ್ದನ್ನಷ್ಟೇ ನಾವು ಬಲ್ಲೆವು. ಕೊಟ್ಟಕೊನೆಗೆ ಬಾರಿನ ಒಡತಿ ಅವನನ್ನು ದೇವರಂಥ ಹುಡುಗನೆಂದಾಗ, ಅಲ್ಲಿಯವರೆಗಿನ ಅವನ ಆತ್ಮನಿಂದೆಯೇ ಅನುಮಾನಕ್ಕೆ ಒಳಗಾಗುತ್ತದೆ. ಮಾಂಗಾದಲ್ಲಿ ಅವನನ್ನು ಹೊರಗಿನಿಂದ ನೋಡುವ ನಮಗೆ ಆ ಅನುಮಾನ ಮೊದಲ ಪುಟಗಳಲ್ಲೇ ಹುಟ್ಟಬಹುದು. ದಜಾಯ್ ಕೊನೆಯವರೆಗೆ ಬಚ್ಚಿಟ್ಟಿದ್ದನ್ನು ಚಿತ್ರ ಬೇಗ ಬಿಟ್ಟುಕೊಡುತ್ತದೆ. ಬಹುಶಃ ಆದ್ದರಿಂದಲೇ ಫುರುಯಾ, ಇತೊ ಇಬ್ಬರೂ ಕಥೆಯ ಹೊರಕಟ್ಟನ್ನೇ ಬದಲಿಸಿದರು. ಮೂಲವನ್ನು ಮೀರುವ ಹಟಕ್ಕಿಂತ, ಮೂಲದ ಅನಿಶ್ಚಯವನ್ನು ಬೇರೆ ಬಾಗಿಲಿನಿಂದ ಒಳತರುವ ಅಗತ್ಯ ಅಲ್ಲಿ ಕಾಣುತ್ತದೆ.